ತೋಳದ ಊಳು

ತೋಳದ ಊಳು ಎಂಬುದು ತೋಳವು ದೂರದಲ್ಲಿರುವ ತನ್ನ ಗುಂಪಿನವರನ್ನು ಕರೆಯಲು ಹಾಗೂ ನೆರೆಯ ಗುಂಪುಗಳಿಗೆ ತನ್ನ ನೆಲೆಯನ್ನು ಸಾರಲು ಹೊರಡಿಸುವ ದೀರ್ಘ ಕೂಗು. ಬಯಲುಸೀಮೆಯ ಭಾರತೀಯ ತೋಳವು ಕಣ್ಣಿಗೆ ಬೀಳುವುದು ಅಪರೂಪವಾದ್ದರಿಂದ, ಅದರ ಇರುವಿಕೆ ಮತ್ತು ಸಂಖ್ಯೆಯನ್ನು ಅರಿಯಲು ಊಳನ್ನೂ ಆಧಾರವಾಗಿ ಬಳಸಲಾಗುತ್ತದೆ.

ಬಾಗಲಕೋಟೆ ಜಿಲ್ಲೆಯಲ್ಲಿ

ಅಮೀನಗಡ, ಹುನಗುಂದ, ಇಳಕಲ್ ಮತ್ತು ಬಾದಾಮಿಯ ಸುತ್ತಲಿನ ನೆಲವು ಬಹುಪಾಲು ಒಣಬೇಸಾಯದ ಹೊಲ ಮತ್ತು ಕುರುಚಲು ಗುಡ್ಡಗಳಿಂದ ಕೂಡಿದೆ. ಅಮೀನಗಡ ಕುರಿಸಂತೆಗೆ ಹೆಸರಾದ ಊರು. ಕುರಿಗಾರರು ರಾತ್ರಿ ಹೊಲಗಳಲ್ಲಿ ಕುರಿ ತರುಬಿ ಅಲ್ಲೇ ತಂಗುತ್ತಾರೆ. ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದಲ್ಲಿ ತೋಳಗಳಿವೆ. ಆದರೆ ದಖ್ಖನ್ ಪ್ರಸ್ಥಭೂಮಿಯ ತೋಳಗಳು ಹೆಚ್ಚಾಗಿ ಸಂರಕ್ಷಿತ ಪ್ರದೇಶಗಳ ಹೊರಗೆ, ಕುರಿ ಮೇಯುವ ಬಯಲುಗಳಲ್ಲೇ ಬದುಕುತ್ತವೆ.

ಇಲ್ಲಿ ನರಿಗಳೂ ಊಳಿಡುತ್ತವೆ. ನರಿಯ ಕೂಗು ಏರುದನಿಯಲ್ಲಿ ಆರಂಭವಾಗಿ, ಹಲವು ನರಿಗಳ ಚೀರಾಟ ಬೆರೆತು ಮುಗಿಯುತ್ತದೆ. ತೋಳದ ಊಳು ಅದಕ್ಕಿಂತ ತಗ್ಗಿದ ಸ್ವರದ್ದು, ದೀರ್ಘವಾದದ್ದು.

ಊಳಿನಿಂದ ತಿಳಿಯುವುದು

ಧ್ವನಿಮುದ್ರಿತ ಊಳನ್ನು ಕೇಳಿಸಿ ಮರುದನಿಗೆ ಕಾಯುವ ವಿಧಾನವನ್ನು 1960ರ ಸುಮಾರಿಗೆ ಕೆನಡಾದ ಅಲ್ಗಾನ್‌ಕ್ವಿನ್ ಉದ್ಯಾನದಲ್ಲಿ ಡಗ್ಲಸ್ ಪಿಮ್ಲಾಟ್ ಬಳಕೆಗೆ ತಂದರು. ಮರುದನಿ ಬಂದರೆ ಅಲ್ಲಿ ತೋಳವಿರುವುದು ಖಚಿತವಾಗುತ್ತದೆ. ಅದರಲ್ಲಿ ಮರಿಗಳ ತೆಳುದನಿ ಸೇರಿದ್ದರೆ ಆ ವರ್ಷ ಅಲ್ಲಿ ಸಂತಾನವಾಗಿದೆಯೆಂದು ತಿಳಿಯುತ್ತದೆ.

ಮಹಾರಾಷ್ಟ್ರದಲ್ಲಿ ಧ್ವನಿಮುದ್ರಣ ನಡೆಸಿದ ಸೌಗತ ಸಾಧುಖಾನ್ ಮತ್ತು ಸಂಗಡಿಗರು 2019ರಲ್ಲಿ ಭಾರತೀಯ ತೋಳದ ಕೂಗುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಪ್ರತಿ ತೋಳದ ಊಳಿನಲ್ಲೂ ಅದರದೇ ಗುರುತು ಇರುತ್ತದೆಂದು 2021ರ ಅಧ್ಯಯನ ತೋರಿಸಿತು. ಇದರಿಂದ ಪ್ರಾಣಿಯನ್ನು ಹಿಡಿಯದೆಯೇ ಎಣಿಸುವ ದಾರಿ ತೆರೆಯಿತು.

ಮಿತಿಗಳು

ಊಳುಗಳ ಸಂಖ್ಯೆಯೇ ತೋಳಗಳ ಸಂಖ್ಯೆಯಲ್ಲ. ಸ್ವರಗಳು ಏರಿಳಿದು ಗುಡ್ಡಗಳಲ್ಲಿ ಪ್ರತಿಧ್ವನಿಸುವುದರಿಂದ ಎರಡು-ಮೂರು ತೋಳಗಳ ಕೂಗು ದೊಡ್ಡ ಹಿಂಡಿನದೆಂಬಂತೆ ಕೇಳಿಸಬಹುದು. ಸ್ವಂತ ನೆಲೆಯಿಲ್ಲದ ಒಂಟಿ ತೋಳಗಳು ಸಾಮಾನ್ಯವಾಗಿ ಮರುದನಿ ಕೊಡುವುದಿಲ್ಲ. ಹೀಗಾಗಿ ಮೌನವಾದ ಬಯಲನ್ನು ತೋಳವಿಲ್ಲದ ಬಯಲೆಂದು ದಾಖಲಿಸಲಾಗದು. ಹೆಚ್ಚು ಎಣಿಸಿದರೆ ಕುರಿಗಾರರಲ್ಲಿ ಭೀತಿ ಬೆಳೆಯುತ್ತದೆ. ಕಡಿಮೆ ಎಣಿಸಿದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿರುವ ಈ ಪ್ರಾಣಿಯ ನೆಲೆ ಗಮನಕ್ಕೆ ಬಾರದೆ ಅಳಿಯಬಹುದು. ಆದ್ದರಿಂದ ಊಳಿನ ಸಮೀಕ್ಷೆಯನ್ನು ಹೆಜ್ಜೆಗುರುತು, ಹಿಕ್ಕೆ ಮತ್ತು ಕುರಿಗಾರರ ಮಾಹಿತಿಯೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ.