ಬಜ್ಪೆಯ ಮುನ್ಸೂಚನೆ ಮತ್ತು ಘಟ್ಟದ ಬುಡದ ಮಳೆ: ಒಂದು ಮರುಪರಿಶೀಲನೆ

ಹವಾಮಾನ ಇಲಾಖೆಯ 36 ಉಪವಿಭಾಗಗಳಲ್ಲಿ ‘ಕರಾವಳಿ ಕರ್ನಾಟಕ’ ಒಂದು. ಬಜ್ಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣವೂ ಘಟ್ಟದ ಬುಡದ ಕುಕ್ಕೆ ಸುಬ್ರಹ್ಮಣ್ಯವೂ ಅದರೊಳಗೇ ಬರುತ್ತವೆ. ಮುಂಗಾರಿನಲ್ಲಿ ತೀರದುದ್ದಕ್ಕೂ ವಾಯುಭಾರ ತಗ್ಗಿದಾಗ ಇಡೀ ಪಟ್ಟಿಗೆ ಮಳೆಯಾಗುತ್ತದೆ, ಗಾಳಿ ಘಟ್ಟ ಏರುವಲ್ಲಿ ಅದು ಹೆಚ್ಚುತ್ತದೆ, ಇದರಲ್ಲಿ ತಕರಾರಿಲ್ಲ. ಆದರೆ ತೀರದಲ್ಲಿ ಕಂಡದ್ದು ಒಳನಾಡಿಗೂ ಸಲ್ಲುತ್ತದೆ, ಎಚ್ಚರಿಕೆ ಸದಾ ಪಡುವಣದಿಂದ ಮೂಡಣಕ್ಕೇ ಸಾಗಬೇಕು ಎಂಬ ರೂಢಿಯ ಗ್ರಹಿಕೆಯನ್ನು ಒಪ್ಪುವುದು ಕಷ್ಟ.

ವಿಮಾನ ನಿಲ್ದಾಣದ ಮುನ್ಸೂಚನೆಯ ನಿಖರತೆ ಇರುವುದು ಅದರ ಕಿರಿದಾದ ವ್ಯಾಪ್ತಿಯಲ್ಲಿ. ಅರ್ಧ ಗಂಟೆಗೊಮ್ಮೆ ಬರುವ ‘ಮೆಟಾರ್’ ವರದಿ ಗಾಳಿ, ಗೋಚರತೆ, ಮೋಡದ ಎತ್ತರಗಳನ್ನು ಹೇಳುತ್ತದೆ. ‘ಟ್ಯಾಫ್’ ಮುನ್ಸೂಚನೆ ನಿಲ್ದಾಣದ ಸುತ್ತಲಿನ ಸುಮಾರು 8 ಕಿ.ಮೀ.ಗೆ ಸೀಮಿತ. ಪುತ್ತೂರು ನೇರ ಗೆರೆಯಲ್ಲಿ ಸುಮಾರು 40 ಕಿ.ಮೀ., ಕಡಬ ಮತ್ತು ಸುಳ್ಯ 70ರ ಹತ್ತಿರ. 2018ರಲ್ಲಿ ತೆರೆದ ಕಣ್ಣೂರು ನಿಲ್ದಾಣವೂ ಸುಳ್ಯಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಮಳೆ ಹೊಳವಾಗುವುದನ್ನು ಕಾಯುವ ಅಡಿಕೆ ಬೆಳೆಗಾರರಿಗೆ ಈ ಎರಡೂ ನಿಲ್ದಾಣಗಳ ವರದಿಯಿಂದ ಉಪಯೋಗವಿಲ್ಲ.

ನನ್ನ ವಾದ ಆ ರೂಢಿಯ ಗ್ರಹಿಕೆಗೆ ತಿರುವುಮುರುವು: ಏಪ್ರಿಲ್–ಮೇ ತಿಂಗಳುಗಳಲ್ಲಿ ಬಜ್ಪೆಯೇ ಕಡಬ, ಸುಳ್ಯಗಳತ್ತ ನೋಡಬೇಕು. ಆಗಿನ ಗುಡುಗುಮಳೆ ಕಡಲಿನಿಂದ ಬರುವಂಥದ್ದಲ್ಲ. ಮಧ್ಯಾಹ್ನದ ಬಿಸಿಗೆ ಘಟ್ಟದ ಮೇಲೆ ಮೋಡ ಕಟ್ಟಿ, ಮೇಲ್ಮಟ್ಟದ ಮೂಡಣ ಗಾಳಿಗೆ ಸಿಕ್ಕಿ, ಸಂಜೆಯ ಹೊತ್ತಿಗೆ ತೀರದತ್ತ ಸರಿಯುತ್ತದೆ. ಸುಬ್ರಹ್ಮಣ್ಯದಲ್ಲಿ ಮೂರು ಗಂಟೆಗೆ ಸುರಿದ ಮಳೆ ಬಜ್ಪೆಗೆ ಮುನ್ಸೂಚನೆಯಾಗಬಲ್ಲದು. ಪೈಲಟ್‌ಗೆ ಮಳೆಗಿಂತ ಅದರ ಮುಂದೆ ನುಗ್ಗುವ ತಂಪು ಗಾಳಿಯೇ ದೊಡ್ಡ ತೊಡಕು. ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ವ್ಯವಸ್ಥೆಯ ನೆರವಿನಿಂದ 24ನೇ ರನ್‌ವೇಗೆ ಇಳಿಯುವ ವಿಮಾನ ನೈಋತ್ಯಕ್ಕೆ ಮುಖ ಮಾಡಿರುತ್ತದೆ. ಘಟ್ಟದ ಕಡೆಯಿಂದ ಬೀಸುವ ಗಾಳಿ ಅದಕ್ಕೆ ಹಿಂಗಾಳಿ. 2,450 ಮೀಟರಿನ ಟೇಬಲ್‌ಟಾಪ್ ರನ್‌ವೇಯಲ್ಲಿ, ಅದೂ ನೆಲ ಒದ್ದೆಯಾಗಿದ್ದಾಗ, ಇದು ಸಣ್ಣ ಮಾತಲ್ಲ. ಕೋಯಿಕ್ಕೋಡಿನಲ್ಲಿ 2020ರ ಆಗಸ್ಟ್ 7ರಂದು ವಿಮಾನ ದುರಂತವಾದಾಗ ಮಳೆ ಮತ್ತು ಹಿಂಗಾಳಿ ಎರಡೂ ಇದ್ದವು. 2010ರ ಮೇ 22ರ ಮಂಗಳೂರು ವಿಮಾನ ದುರಂತವನ್ನು ಮಾತ್ರ ಇಲ್ಲಿ ಸಾಕ್ಷಿಯಾಗಿ ಎಳೆದು ತರುವುದು ಸರಿಯಲ್ಲ. ಅಂದು ಹವೆ ತಿಳಿಯಾಗಿತ್ತು, ತನಿಖೆ ಬೆರಳು ಮಾಡಿದ್ದು ಹದ ತಪ್ಪಿದ ಇಳಿಕೆಯತ್ತ.

ಈ ವಾದಕ್ಕೆ ಮಿತಿಗಳುಂಟು. ಜುಲೈಗೆ ಇದು ಸಲ್ಲದು. ಆಗ ಗಾಳಿ ಕಡಲಿನದು. ಘಟ್ಟದಲ್ಲಿ ಹುಟ್ಟಿದ ಎಷ್ಟೋ ಮೋಡಗಳು ಉಪ್ಪಿನಂಗಡಿ ದಾಟುವ ಮೊದಲೇ ಕರಗುತ್ತವೆ; ಪ್ರತಿ ಮಳೆಯನ್ನೂ ಎಚ್ಚರಿಕೆಯೆಂದು ಎಣಿಸಿದರೆ ಗಲ್ಫ್‌ನಿಂದ ಬರುವ ವಿಮಾನ ಬೇರೆಡೆಗೆ ತಿರುಗಲು ಬೇಕಾದ ಇಂಧನವನ್ನು ವೃಥಾ ಹೊತ್ತೀತು. ಮೇಲಾಗಿ ಮಳೆಮಾಪಕಕ್ಕೆ ಸಿಗುವುದು ನೆಲಕ್ಕೆ ಬಿದ್ದ ನೀರು ಮಾತ್ರ. ಮೋಡದ ಎತ್ತರವಾಗಲಿ ಚಲನೆಯಾಗಲಿ ಅಲ್ಲ. ಆ ಕೆಲಸ ಡಾಪ್ಲರ್ ರಾಡಾರಿನದು.

ಆದರೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಾಪಕಗಳು ಕಾಲು ಗಂಟೆಗೊಮ್ಮೆ ಮಳೆಯ ಲೆಕ್ಕ ಕೊಡುತ್ತವೆ. ಕೆಲವು ವರ್ಷಗಳ ಏಪ್ರಿಲ್–ಮೇ ದಾಖಲೆಯನ್ನು ಬಜ್ಪೆಯ ಮೆಟಾರ್ ಜೊತೆ ಗಂಟೆವಾರು ಹೋಲಿಸಿದರೆ ವಾದದ ಬಲಾಬಲ ತಿಳಿದೀತು. ಹಿಂಗಾರಿನ ಸಂಜೆಗಳಿಗೂ ಇದೇ ಕ್ರಮ ಸಲ್ಲುತ್ತದೆಯೇ ಎಂಬುದು ಬೇರೆಯೇ ಪರಿಶೀಲನೆ ಬೇಡುವ ಪ್ರಶ್ನೆ.