ಮುಸ್ಲಿಂ ಹಿನ್ನೆಲೆಯ ವಲಸಿಗರ ನಡುವೆ ಕ್ರೈಸ್ತ ಸೇವೆ ಮತ್ತು ಸುವಾರ್ತೆ

ಕೂಲಿಗೋ, ವ್ಯಾಪಾರಕ್ಕೋ, ಪ್ರಾಣಭಯದಿಂದಲೋ ಊರು ಬಿಟ್ಟು ಕ್ರೈಸ್ತರೇ ಹೆಚ್ಚಾಗಿರುವ ದೇಶಗಳಿಗೆ ಬಂದ ಮುಸ್ಲಿಂ ಮನೆತನದವರ ನಡುವೆ ಅಲ್ಲಿನ ಚರ್ಚುಗಳೂ ಮಿಷನರಿ ಸಂಘಗಳೂ ನಡೆಸಿಕೊಂಡು ಬಂದ ಕೆಲಸ. ಇದರಲ್ಲಿ ಎರಡು ಎಳೆಗಳಿವೆ. ಊಟ, ವಸತಿ, ಭಾಷಾಪಾಠ, ಕಾನೂನಿನ ನೆರವು ಮೊದಲಾದ ಸೇವೆ ಒಂದು. ಯೇಸುವಿನ ಸುವಾರ್ತೆಯನ್ನು ತಿಳಿಸಿ ದೀಕ್ಷಾಸ್ನಾನಕ್ಕೆ ಕರೆಯುವುದು ಇನ್ನೊಂದು. ಇವೆರಡನ್ನೂ ಒಂದೇ ಕೈ ನೀಡಿದಾಗ, ಬಂದವನು ಅನ್ನಕ್ಕಾಗಿ ತಲೆಯಾಡಿಸಿದನೋ ಮನಸಾರೆ ಒಪ್ಪಿದನೋ ಎಂಬ ಪ್ರಶ್ನೆ ಏಳದೆ ಇರದು. ಆ ಪ್ರಶ್ನೆಗೆ ಚರ್ಚುಗಳು ಕಾಲಕಾಲಕ್ಕೆ ಕಂಡುಕೊಂಡ ಉತ್ತರಗಳೇ ಬಹುಮಟ್ಟಿಗೆ ಈ ಚರಿತ್ರೆ. ಇಲ್ಲಿ ಮುಖ್ಯವಾಗಿ ಬ್ರಿಟನ್, ಫ್ರಾನ್ಸ್ ಮತ್ತು ಜರ್ಮನಿಗಳ ಅನುಭವವನ್ನು ನೋಡಲಾಗಿದೆ.

ಯುರೋಪಿನಲ್ಲಿ ಇದರ ಹಳೆಯ ರೂಪ ಬಲವಂತಕ್ಕೆ ಹತ್ತಿರವಾದದ್ದು. ಇಗ್ನೇಷಿಯಸ್ ಲೊಯೋಲನ ಪ್ರಯತ್ನದಿಂದ, ಪೋಪ್ ಮೂರನೆಯ ಪೌಲನ ಅಪ್ಪಣೆ ಪಡೆದು 1543ರಲ್ಲಿ ರೋಮಿನಲ್ಲಿ ಉಪದೇಶಾರ್ಥಿಗಳ ಮನೆಯೊಂದು ತೆರೆಯಿತು. ಯೆಹೂದ್ಯರನ್ನೂ ಮುಸ್ಲಿಮರನ್ನೂ ಅಲ್ಲಿಟ್ಟುಕೊಂಡು ದೀಕ್ಷೆಗೆ ಸಿದ್ಧಪಡಿಸುತ್ತಿದ್ದರು. 1557ರಲ್ಲಿ ವೆನಿಸ್ಸಿನಲ್ಲೂ ಇಂಥದೇ ಮನೆ ಶುರುವಾಯಿತು. ಅಲ್ಲಿ ಸೇರಿದ ಮುಸ್ಲಿಮರಲ್ಲಿ ಬಹಳ ಮಂದಿ ಮೆಡಿಟರೇನಿಯನ್ ಕಡಲಿನ ಕದನಗಳಲ್ಲಿ ಸೆರೆಸಿಕ್ಕು ಗುಲಾಮರಾದವರು. ಇಲ್ಲವೆನ್ನುವ ಸ್ವಾತಂತ್ರ್ಯವೇ ಇಲ್ಲದವನ ಒಪ್ಪಿಗೆಗೆ ಬೆಲೆ ಕಟ್ಟುವುದು ಕಷ್ಟ. ಆದ್ದರಿಂದ ಇದನ್ನು ಈ ಚರಿತ್ರೆಯ ಪೂರ್ವಪೀಠಿಕೆಯೆಂದಷ್ಟೇ ಎಣಿಸಬೇಕು.

ನಿಜವಾದ ಆರಂಭವಾದದ್ದು ಲಂಡನ್ನಿನ ಹಡಗುಕಟ್ಟೆಗಳಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ದುಡಿಯುತ್ತಿದ್ದ ಲಸ್ಕರ್ ಎಂಬ ಖಲಾಸಿಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಬಂಗಾಳ, ಗುಜರಾತ್, ಭಾರತದ ಪಶ್ಚಿಮ ಕರಾವಳಿ, ಯೆಮನ್ ಮುಂತಾದ ಕಡೆಯವರು. ಸರಕು ಇಳಿಸಿದ ಮೇಲೆ ಮರಳುವ ಹಡಗು ಸಿಗುವತನಕ ಇವರು ತಿಂಗಳುಗಟ್ಟಲೆ ಕಾಯಬೇಕಿತ್ತು. ಮೈಮೇಲೆ ತೆಳು ಬಟ್ಟೆ, ಕೈಯಲ್ಲಿ ಕಾಸಿಲ್ಲ, ಬಾಯಲ್ಲಿ ಇಂಗ್ಲಿಷಿಲ್ಲ. ಚಳಿಗಾಲದಲ್ಲಿ ಎಷ್ಟೋ ಜನ ಬೀದಿಯಲ್ಲೂ ಕಿಕ್ಕಿರಿದ ಕೊಟ್ಟಿಗೆಗಳಲ್ಲೂ ಸತ್ತರು. 1814–15ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಇವರ ಸ್ಥಿತಿಯನ್ನು ವಿಚಾರಿಸಿತಾದರೂ ಪರಿಹಾರ ನಿಧಾನವಾಗಿ ಬಂತು. ಮಿಷನರಿ ಸಂಘಗಳಲ್ಲಿ ಕೆಲವರಿಗೆ ಇದು ನಾಚಿಕೆಯ ಸಂಗತಿಯಾಗಿ ಕಂಡಿತು. ಏಷ್ಯದ ಜನರಿಗೆ ಸುವಾರ್ತೆ ಸಾರಲು ಸಾವಿರಾರು ಮೈಲಿ ಹಡಗು ಹತ್ತುವವರು ತಮ್ಮದೇ ರಾಜಧಾನಿಯಲ್ಲಿ ಏಷ್ಯದವರು ಹಸಿವಿನಿಂದ ಸಾಯುವುದನ್ನು ನೋಡಿಕೊಂಡಿದ್ದರು.

ಪೂರ್ವ ಲಂಡನ್ನಿನ ಲೈಮ್‌ಹೌಸ್‌ನ ವೆಸ್ಟ್ ಇಂಡಿಯಾ ಡಾಕ್ ರಸ್ತೆಯಲ್ಲಿ ಇಂಥವರಿಗಾಗಿ ಒಂದು ತಂಗುದಾಣ ಕಟ್ಟಲು ಹಣ ಕೂಡಿತು. ಪಂಜಾಬಿನ ಸಿಂಹಾಸನ ಕಳೆದುಕೊಂಡು, ಕ್ರೈಸ್ತನಾಗಿ ಇಂಗ್ಲೆಂಡಿನಲ್ಲಿದ್ದ ಮಹಾರಾಜ ದಲೀಪ್ ಸಿಂಗ್ 500 ಪೌಂಡ್ ಕೊಟ್ಟ. 1856ರಲ್ಲಿ ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ ಶಂಕುಸ್ಥಾಪನೆ ಮಾಡಿದ. 1857ರಲ್ಲಿ ಮನೆ ತೆರೆಯಿತು. ಏಷ್ಯನ್ನರು, ಆಫ್ರಿಕನ್ನರು ಮತ್ತು ದಕ್ಷಿಣ ಸಮುದ್ರದ ದ್ವೀಪವಾಸಿಗಳಿಗೆಂದು ಹೆಸರಿಟ್ಟ ಈ ಪರದೇಶಿಗಳ ಮನೆ ಬರಿಯ ಛತ್ರವಾಗಿರಲಿಲ್ಲ. ಖಲಾಸಿಗಳಿಗೆ ಹೊಸ ಹಡಗಿನಲ್ಲಿ ಕೆಲಸ ಹುಡುಕಿಕೊಡುವುದು, ಗತಿಯಿಲ್ಲದವರನ್ನು ಊರಿಗೆ ಕಳಿಸುವುದು ಕೂಡ ಅಲ್ಲಿ ನಡೆಯುತ್ತಿತ್ತು. 1937ರವರೆಗೂ ಅದು ಬಾಳಿತು.

ಆ ಮನೆಯ ಮಿಷನರಿ ಜೋಸೆಫ್ ಸಾಲ್ಟರ್. ಲಂಡನ್ ಸಿಟಿ ಮಿಷನ್ ಸಂಘದ ಈತ ಹಿಂದೂಸ್ತಾನಿ ಕಲಿತದ್ದು ಭಾರತಕ್ಕೆ ಬಂದಲ್ಲ. ಬ್ರಿಟಿಷರು ಕಿತ್ತುಕೊಂಡ ರಾಜ್ಯವನ್ನು ಮರಳಿ ಕೇಳಲು 1856ರಲ್ಲಿ ಲಂಡನ್ನಿಗೆ ಹೋದ ಔಧಿನ ರಾಜಮಾತೆಯ ಪರಿವಾರದವರೊಡನೆ ಒಡನಾಡುತ್ತ ಕಲಿತ. ಹಡಗುಕಟ್ಟೆ, ಅಫೀಮಿನ ಅಡ್ಡೆ, ಆಸ್ಪತ್ರೆ, ಜೈಲು ಎಲ್ಲೆಡೆ ತಿರುಗಿ ಖಲಾಸಿಗಳನ್ನು ಕಂಡು ಮಾತಾಡಿಸಿ, ಅವರವರ ಭಾಷೆಯ ಸುವಾರ್ತಾ ಪುಸ್ತಕ ಹಂಚಿದ. ಈತ 1873ರಲ್ಲಿ ಪ್ರಕಟಿಸಿದ ‘ದಿ ಏಷಿಯಾಟಿಕ್ ಇನ್ ಇಂಗ್ಲೆಂಡ್’ ಮತ್ತು 1896ರ ‘ದಿ ಈಸ್ಟ್ ಇನ್ ದಿ ವೆಸ್ಟ್’ ಪುಸ್ತಕಗಳಲ್ಲಿ ಆ ಕಾಲದ ಧಾರ್ಮಿಕ ಪೂರ್ವಗ್ರಹ ದಂಡಿಯಾಗಿದೆ. ಆದರೂ ಹೆಸರೂ ದಾಖಲೆಯೂ ಇಲ್ಲದೆ ಹೋಗಬಹುದಾಗಿದ್ದ ಸಾವಿರಾರು ಬಡ ಏಷ್ಯನ್ನರ ಲಂಡನ್ ಜೀವನಕ್ಕೆ ಇಂದಿನ ಇತಿಹಾಸಕಾರರು ಆಧಾರವಾಗಿ ಹಿಡಿಯುವುದು ಅವನ್ನೇ. ಸಾಲ್ಟರನ ಬೋಧನೆಯಿಂದ ದೀಕ್ಷೆ ಪಡೆದವರು ಬೆರಳೆಣಿಕೆಯ ಮಂದಿ. ಜ್ವರದಲ್ಲಿ ಬಿದ್ದವರಿಗೆ ಹಾಸಿಗೆಯ ಬಳಿ ತಮ್ಮ ಮಾತು ಬಲ್ಲ ಒಬ್ಬ ಮನುಷ್ಯ ಸಿಕ್ಕಿದ್ದು ದೊಡ್ಡದೆಂದು ಈ ಲೇಖಕನ ಎಣಿಕೆ. ಸಾಹೇಬರ ಮಕ್ಕಳೊಡನೆ ಇಂಗ್ಲೆಂಡಿಗೆ ಹೋಗಿ ಅಲ್ಲೇ ಕೈಬಿಡಲ್ಪಟ್ಟ ಆಯಾಗಳಿಗಾಗಿಯೂ ಇದೇ ಸಂಘ ಒಂದು ಮನೆ ನಡೆಸಿತು. ಅದು 1900ರಲ್ಲಿ ಹ್ಯಾಕ್ನಿಗೆ ಸ್ಥಳಾಂತರವಾಯಿತು.

ಇಂಥ ಕೆಲಸಕ್ಕೆ ಬೇಕಾದ ಭಾಷಾಸಾಧನಗಳು ಸಿದ್ಧವಾಗಿದ್ದುದು ಭಾರತ ಮತ್ತು ಪರ್ಷಿಯಗಳಲ್ಲಿ. ಕಂಪನಿಯ ಪಾದ್ರಿಯಾಗಿ ದಾನಾಪುರ, ಕಾನ್ಪುರಗಳಲ್ಲಿದ್ದ ಹೆನ್ರಿ ಮಾರ್ಟಿನ್ ಹೊಸ ಒಡಂಬಡಿಕೆಯನ್ನು ಉರ್ದುವಿಗೆ ತಂದ. 1811–12ರಲ್ಲಿ ಶಿರಾಜ್ ನಗರದಲ್ಲಿ ಮಿರ್ಜಾ ಸಯ್ಯದ್ ಅಲಿಯ ನೆರವಿನಿಂದ ಪಾರಸಿ ಅನುವಾದ ಮುಗಿಸಿದ. 1812ರಲ್ಲಿ ತುರ್ಕಿಯ ತೋಕಾತ್‌ನಲ್ಲಿ ತೀರಿಕೊಂಡ ಈತನ ಹೆಸರಿನ ಅಧ್ಯಯನ ಸಂಸ್ಥೆ 1930ರಲ್ಲಿ ಲಾಹೋರಿನಲ್ಲಿ ಹುಟ್ಟಿ, ಊರೂರು ಬದಲಿಸಿ, ಈಗ ಹೈದರಾಬಾದಿನಲ್ಲಿದೆ. ಮುಸ್ಲಿಮರಿಗೆ ಸುವಾರ್ತೆ ಸಾರುವವರನ್ನು ತರಬೇತು ಮಾಡಲು ಆರಂಭವಾದ ಅದು ಇಂದು ಮತಗಳ ನಡುವಿನ ಸಂವಾದಕ್ಕೂ ಸೌಹಾರ್ದಕ್ಕೂ ಹೆಸರಾಗಿದೆ.

ಫ್ರಾನ್ಸಿನಲ್ಲಿ ದಾರಿ ಬೇರೆ. ಉತ್ತರ ಆಫ್ರಿಕದಿಂದ ಬಂದ ಕಾರ್ಮಿಕರು ಆಳಿಸಿಕೊಂಡವರು, ಫ್ರೆಂಚರು ಆಳಿದವರು. ಅವರಿಬ್ಬರ ನಡುವೆ ಮತಬೋಧನೆಯೆಂದರೆ ದಬ್ಬಾಳಿಕೆಯ ಮುಂದುವರಿಕೆಯಾಗಿಯೇ ಕೇಳಿಸುತ್ತಿತ್ತು. 1916ರಲ್ಲಿ ಸಹಾರದ ತಮನ್ರಾಸೆತ್‌ನಲ್ಲಿ ಕೊಲೆಯಾದ ಫ್ರೆಂಚ್ ಸನ್ಯಾಸಿ ಶಾರ್ಲ್ ದ ಫುಕೋವಿನ ಮಾದರಿಯನ್ನು ಹಿಡಿದವರು ಬೋಧಿಸುವುದಕ್ಕಿಂತ ಜೊತೆಗಿರುವುದನ್ನು ಆರಿಸಿಕೊಂಡರು. ಫುಕೋವಿನ ಸ್ಫೂರ್ತಿಯಿಂದ 1933ರಲ್ಲಿ ಯೇಸುವಿನ ಕಿರಿಯ ಸಹೋದರರ ಸಂಘವೂ 1939ರಲ್ಲಿ ಕಿರಿಯ ಸಹೋದರಿಯರ ಸಂಘವೂ ಹುಟ್ಟಿದವು. ಇವರು ಕಾರ್ಮಿಕರ ಕೇರಿಗಳಲ್ಲೇ ಬಾಡಿಗೆಗಿದ್ದು ಕೂಲಿ ಮಾಡಿ ಬದುಕಿದರು. ಇಸ್ಲಾಂ ವಿದ್ವಾಂಸ ಲೂಯಿ ಮಾಸಿನ್ಯೋ ಪ್ಯಾರಿಸ್ಸಿನಲ್ಲಿ ಉತ್ತರ ಆಫ್ರಿಕದ ಕೂಲಿಕಾರರಿಗೆ ಸಂಜೆಪಾಠ ಹೇಳಿದರು. 1954ರಲ್ಲಿ ಬ್ರಿಟನಿ ಪ್ರಾಂತದ ವ್ಯೂ-ಮಾರ್ಶೆ ಎಂಬ ಹಳ್ಳಿಯ ಸಪ್ತನಿದ್ರಿತರ ಜಾತ್ರೆಗೆ ಮುಸ್ಲಿಮರನ್ನೂ ಕರೆದರು. ಏಳು ನಿದ್ರಿತರ ಕಥೆ ಕ್ರೈಸ್ತ ಪರಂಪರೆಯಲ್ಲೂ ಇದೆ, ಕುರಾನಿನ ಗುಹೆಯ ಅಧ್ಯಾಯದಲ್ಲೂ ಇದೆ. ಎರಡೂ ಕಡೆಯವರು ಒಟ್ಟಿಗೆ ಸೇರುವ ಆ ಯಾತ್ರೆ ಮಾಸಿನ್ಯೋ ಅವರ ಮರಣಾನಂತರವೂ ನಡೆದುಬಂದಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಸ್ಲಿಮರನ್ನು ಗೌರವದಿಂದ ಕಾಣಬೇಕೆಂದು ಘೋಷಿಸಿದ ಮೇಲೆ ಈ ಮಾರ್ಗಕ್ಕೆ ಅಧಿಕೃತ ಬಲ ಬಂತು.

ಜರ್ಮನಿ ಮತ್ತು ತುರ್ಕಿಗಳ ನಡುವೆ ಕಾರ್ಮಿಕ ಒಪ್ಪಂದವಾದದ್ದು 1961ರ ಅಕ್ಟೋಬರಿನಲ್ಲಿ. ಅತಿಥಿ ಕಾರ್ಮಿಕರ ಯೋಗಕ್ಷೇಮವನ್ನು ಅಲ್ಲಿನ ಸೇವಾಸಂಸ್ಥೆಗಳು ಮತವಾರು ಹಂಚಿಕೊಂಡವು. ಇಟಲಿ, ಸ್ಪೇನಿನವರು ಕ್ಯಾಥೊಲಿಕ್ ಕಾರಿತಾಸ್‌ಗೆ, ಗ್ರೀಕರು ಪ್ರೊಟೆಸ್ಟೆಂಟ್ ಡಯಕೋನಿಗೆ, ತುರ್ಕಿಯವರು ಮತಾತೀತವಾದ ಕಾರ್ಮಿಕ ಕಲ್ಯಾಣ ಸಂಸ್ಥೆಗೆ. ಅಂದರೆ ಮುಸ್ಲಿಮರು ಚರ್ಚುಗಳ ಪಾಲಿಗೆ ಬರಲೇ ಇಲ್ಲ. ಇವರೆಲ್ಲ ಒಂದೆರಡು ವರ್ಷ ದುಡಿದು ಹಿಂದಿರುಗುತ್ತಾರೆಂಬ ನಂಬಿಕೆ ಸರ್ಕಾರದಂತೆ ಚರ್ಚುಗಳಿಗೂ ಇತ್ತು. 1973ರಲ್ಲಿ ನೇಮಕಾತಿ ನಿಂತಾಗ ಅವರು ಮರಳುವ ಬದಲು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಆಗ ಕಣ್ಣು ತೆರೆಯಿತು. 1975ರಿಂದ ಪ್ರಮುಖ ಚರ್ಚುಗಳು ಕೂಡಿ ವಿದೇಶಿ ಸಹನಾಗರಿಕರ ದಿನ ಆಚರಿಸತೊಡಗಿದವು. 1963ರಲ್ಲಿ ಆರಂಭವಾದ ಓರಿಯೆಂಟ್‌ಡೀನ್ಸ್ಟ್‌ನಂಥ ಸಣ್ಣ ಸುವಾರ್ತಾ ಸಂಘಗಳು ಮಾತ್ರ ಮೊದಲಿನಿಂದಲೂ ತುರ್ಕಿ, ಅರಬ್ಬಿ ಭಾಷೆಗಳ ಪುಸ್ತಕ ಹಿಡಿದು ಈ ಕಾರ್ಮಿಕರನ್ನು ಕಾಣುತ್ತಿದ್ದವು.

ಬ್ರಿಟನ್ನಿನಲ್ಲಿ ಪಾಕಿಸ್ತಾನಿ, ಬಂಗಾಳಿ ಬಡಾವಣೆಗಳು ಬೆಳೆದಾಗ ಚರ್ಚುಗಳು ನೆರವಿಗೆ ನೋಡಿದ್ದು ಭಾರತದಲ್ಲಿ ಪಳಗಿದವರ ಕಡೆಗೆ. ಕರ್ನಾಟಕದ ಸಭೆಗಳೂ ಸೇರಿರುವ ದಕ್ಷಿಣ ಭಾರತ ಸಭೆಯಲ್ಲಿ ಬಿಷಪರಾಗಿದ್ದ ಲೆಸ್ಲಿ ನ್ಯೂಬಿಗಿನ್ 1974ರಲ್ಲಿ ಮದರಾಸಿನಿಂದ ಹಿಂದಿರುಗಿ ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿದರು. ಮುಂದೆ ಅಲ್ಲಿನ ವಿನ್ಸನ್ ಗ್ರೀನ್ ಎಂಬ ವಲಸಿಗರ ಬಡಾವಣೆಯ ಪುಟ್ಟ ಸಭೆಯೊಂದರ ಪಾಲಕರಾದರು. ನೆರೆಯ ಮುಸ್ಲಿಮನಿಗೆ ಸುವಾರ್ತೆ ಹೇಳಲು ಸಂಕೋಚಪಡುವ ಇಂಗ್ಲಿಷ್ ಕ್ರೈಸ್ತರು ತಮ್ಮ ನಂಬಿಕೆಯನ್ನೇ ಕಳೆದುಕೊಂಡಿದ್ದಾರೆಂಬುದು ಅವರ ವಾದ. ಅದೇ ನಗರದ ಸೆಲಿ ಓಕ್‌ನಲ್ಲಿ 1976ರಲ್ಲಿ ಡೇವಿಡ್ ಕೆರ್ ಇಸ್ಲಾಂ ಮತ್ತು ಕ್ರೈಸ್ತ–ಮುಸ್ಲಿಂ ಸಂಬಂಧಗಳ ಅಧ್ಯಯನ ಕೇಂದ್ರ ಆರಂಭಿಸಿದರು. ಆ ವರ್ಷವೇ ಜಿನೀವಾ ಬಳಿಯ ಶಾಂಬೆಸಿಯಲ್ಲಿ ಎರಡೂ ಮತಗಳ ವಿದ್ವಾಂಸರು ಕುಳಿತು ಚರ್ಚಿಸಿ, ಸೇವೆಯನ್ನು ಮತಾಂತರದ ಆಮಿಷವಾಗಿ ದುರುಪಯೋಗಪಡಿಸುವುದನ್ನು ಖಂಡಿಸಿದರು. ಒಬ್ಬನ ನಂಬಿಕೆಯನ್ನು ಮನವೊಲಿಸಿ ಹೇಳುವ, ಕೇಳುವ ಸ್ವಾತಂತ್ರ್ಯವನ್ನು ಎರಡೂ ಕಡೆಗೆ ಒಪ್ಪಿದರು. ಈ ಕ್ಷೇತ್ರದಲ್ಲಿ ಇದಕ್ಕಿಂತ ನ್ಯಾಯವಾದ ನಿಲುವು ಬಂದಿಲ್ಲ. 2011ರಲ್ಲಿ ವ್ಯಾಟಿಕನ್, ವಿಶ್ವ ಚರ್ಚುಗಳ ಮಂಡಳಿ ಮತ್ತು ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಜಂಟಿಯಾಗಿ ಹೊರಡಿಸಿದ ನಡವಳಿಕೆಯ ಸೂತ್ರಗಳು ಇದೇ ಜಾಡಿನವು.

ಅಮೆರಿಕದಲ್ಲಿ ನಿರಾಶ್ರಿತರಿಗೆ ಮನೆ, ಕೆಲಸ ಹುಡುಕಿಕೊಡುವ ಸಂಸ್ಥೆಗಳಲ್ಲಿ ಹೆಚ್ಚಿನವು ಧಾರ್ಮಿಕ ಮೂಲದವು. ಸರ್ಕಾರದ ಹಣದಲ್ಲಿ ನಡೆಯುವ ಈ ಸೇವೆಯ ಜೊತೆ ಮತಬೋಧನೆ ಬೆರೆಸುವಂತಿಲ್ಲ. ಇನ್ನೊಂದು ತುದಿಯಲ್ಲಿ, ಅರಬ್ ವಲಸಿಗರು ತುಂಬಿರುವ ಮಿಶಿಗನ್ನಿನ ಡಿಯರ್‌ಬಾರ್ನ್ ಪಟ್ಟಣದ ಅರಬ್ ಉತ್ಸವಕ್ಕೆ 2012ರಲ್ಲಿ ಬೋಧಕರ ಗುಂಪೊಂದು ಕೋಲಿನ ತುದಿಗೆ ಹಂದಿಯ ತಲೆ ಸಿಕ್ಕಿಸಿಕೊಂಡು ನುಗ್ಗಿತು. ಅವರ ಮಾತಿನ ಹಕ್ಕನ್ನು 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಕಾನೂನಿನಲ್ಲಿ ಅದು ಸರಿ. ಸುವಾರ್ತೆಯೆಂಬ ಹೆಸರಿಗೆ ಅಪಚಾರ.

ಈ ಚರಿತ್ರೆಯ ದಿಕ್ಕು ಬದಲಿಸಿದವರು ಇರಾನಿಯರು. 1979ರ ಕ್ರಾಂತಿಯಾದಾಗ ಅಲ್ಲಿನ ಆಂಗ್ಲಿಕನ್ ಬಿಷಪರಾಗಿದ್ದ ಹಸನ್ ದೆಹ್ಖಾನಿ-ತಫ್ತಿ ಮುಸ್ಲಿಂ ಮನೆಯಲ್ಲಿ ಹುಟ್ಟಿ ಕ್ರೈಸ್ತರಾದವರು. ಆ ವರ್ಷ ಇಸ್ಫಹಾನಿನ ಮನೆಗೆ ನುಗ್ಗಿ ಅವರ ಮೇಲೆ ಗುಂಡು ಹಾರಿಸಲಾಯಿತು. ಅವರು ಪಾರಾದರು, ಪತ್ನಿಯ ಕೈಗೆ ಗಾಯವಾಯಿತು. 1980ರ ಮೇ ತಿಂಗಳಲ್ಲಿ ಮಗ ಬಹರಾಮನ ಕೊಲೆಯಾಯಿತು. ಕುಟುಂಬ ಇಂಗ್ಲೆಂಡಿನಲ್ಲಿ ಆಶ್ರಯ ಪಡೆಯಿತು. 1994ರಲ್ಲಿ ಹೈಕ್ ಹೊವ್ಸೆಪಿಯನ್ ಮತ್ತು ಮೆಹ್ದಿ ದಿಬಾಜ್ ಎಂಬ ಸಭಾನಾಯಕರೂ ಕೊಲೆಯಾದರು. ದೇಶ ಬಿಟ್ಟ ಇರಾನಿ ಕ್ರೈಸ್ತರು ತಮ್ಮವರಿಗಾಗಿ ತಾವೇ ಕೆಲಸಕ್ಕಿಳಿದರು. 1990ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪನೆಯಾದ ಎಲಾಮ್ ಸಂಸ್ಥೆ ಪಾರಸಿಯಲ್ಲಿ ಬೋಧಕರನ್ನು ತರಬೇತು ಮಾಡಿತು, ಪುಸ್ತಕ ಅಚ್ಚು ಹಾಕಿತು. ಅಲ್ಲಿಯತನಕ ಬಿಳಿಯ ಮಿಷನರಿಯ ಎದುರಿಗೆ ಕುಳಿತು ಕೇಳುತ್ತಿದ್ದ ವಲಸಿಗ ಈಗ ತಾನೇ ಹೇಳುವವನಾದ.

2015ರಲ್ಲಿ ಸುಮಾರು 8,90,000 ಮಂದಿ ಆಶ್ರಯ ಬೇಡಿ ಜರ್ಮನಿಗೆ ಬಂದರು. ಬರ್ಲಿನ್ನಿನ ಸ್ಟೆಗ್ಲಿಟ್ಸ್ ಬಡಾವಣೆಯಲ್ಲಿ ಪಾದ್ರಿ ಗಾಟ್‌ಫ್ರೀಡ್ ಮಾರ್ಟೆನ್ಸ್ ಅವರ ಲೂಥರನ್ ಸಭೆಗೆ ಇರಾನಿ, ಆಫ್ಘನ್ನರು ನೂರಾರು ಸಂಖ್ಯೆಯಲ್ಲಿ ಸೇರಿದರು. ಎರಡೇ ವರ್ಷದಲ್ಲಿ 150 ಜನರ ಸಭೆ 600 ದಾಟಿತು. ಕ್ರೈಸ್ತನಾದರೆ ಆಶ್ರಯ ಸುಲಭವೆಂದು ಬಂದವರು ಇವರಲ್ಲಿ ಎಷ್ಟು ಮಂದಿಯೆಂಬ ಸಂಶಯ ಆಗಲೇ ಎದ್ದಿತು. ಮಾರ್ಟೆನ್ಸ್ ಪಾಠ ಮುಗಿಸದವರಿಗೆ ದೀಕ್ಷೆ ಕೊಡುತ್ತಿರಲಿಲ್ಲ. ಆಸ್ಟ್ರಿಯದ ಕ್ಯಾಥೊಲಿಕ್ ಬಿಷಪರು ಕನಿಷ್ಠ ಒಂದು ವರ್ಷದ ಸಿದ್ಧತೆ ಕಡ್ಡಾಯ ಮಾಡಿದರು. ಇಂಗ್ಲೆಂಡಿನ ಚರ್ಚು 2019ರಲ್ಲಿ ಪ್ರಭುಭೋಜನದ ಆರಾಧನಾ ಕ್ರಮವನ್ನು ಪಾರಸಿಯಲ್ಲಿ ಹೊರತಂದಿತು.

ಅಧಿಕಾರಿಗಳು ನಂಬಿಕೆಯನ್ನು ಅಳೆಯಲು ಹೊರಟದ್ದು ಈ ಕಥೆಯ ಅತ್ಯಂತ ನೋವಿನ ಭಾಗ. ಬೈಬಲಿನ ಸಣ್ಣಪುಟ್ಟ ವಿವರ ಕೇಳಿ, ತಪ್ಪು ಹೇಳಿದವನ ಅರ್ಜಿ ತಳ್ಳಿಹಾಕುವ ಪದ್ಧತಿಯನ್ನು 2016ರಲ್ಲಿ ಬ್ರಿಟಿಷ್ ಸಂಸದರ ಸರ್ವಪಕ್ಷ ತಂಡದ ವರದಿ ಟೀಕಿಸಿತು. ಆ ವರ್ಷವೇ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಸ್ವೀಡನ್ನಿನ ಇರಾನಿ ಅರ್ಜಿದಾರನೊಬ್ಬನ ಮೊಕದ್ದಮೆಯಲ್ಲಿ, ಮತಾಂತರವಾದವನನ್ನು ವಾಪಸು ಕಳಿಸುವ ಮೊದಲು ಅವನಿಗೆ ಎದುರಾಗುವ ಅಪಾಯವನ್ನು ತೂಗಿನೋಡಲೇಬೇಕೆಂದಿತು. ದೀಕ್ಷೆಯ ಪ್ರಮಾಣಪತ್ರವನ್ನು ಒಪ್ಪಿಕೊಂಡರೂ, ಆ ನಂಬಿಕೆ ವ್ಯಕ್ತಿಯ ಬಾಳಿಗೆ ಎಷ್ಟು ಮುಖ್ಯವೆಂದು ನ್ಯಾಯಾಲಯಗಳು ಪರಿಶೀಲಿಸಬಹುದೆಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 2020ರಲ್ಲಿ ಹೇಳಿತು. 2021ರಲ್ಲಿ ಲಿವರ್‌ಪೂಲಿನಲ್ಲಿ ಬಾಂಬು ಸ್ಫೋಟಿಸಿ ಸತ್ತವನು ಚರ್ಚಿನಲ್ಲಿ ದೀಕ್ಷೆ ಪಡೆದಿದ್ದವನೆಂದು ತಿಳಿದಾಗ, 2024ರ ಜನವರಿಯಲ್ಲಿ ಲಂಡನ್ನಿನ ಕ್ಲ್ಯಾಪಮ್‌ನಲ್ಲಿ ರಾಸಾಯನಿಕ ಎರಚಿದವನೂ ಮತಾಂತರದ ಆಧಾರದಲ್ಲಿ ಆಶ್ರಯ ಪಡೆದವನೆಂದು ಹೊರಬಂದಾಗ, ಸಂಶಯ ಎಲ್ಲ ಹೊಸ ವಿಶ್ವಾಸಿಗಳ ಮೇಲೂ ಬಿತ್ತು. ಅದು ಅನ್ಯಾಯ. ಮನೆಯವರು ದೂರ ಮಾಡಿ, ಮಸೀದಿಯ ನೆರೆಹೊರೆ ಮಾತುಬಿಟ್ಟು, ಹೊಸ ಸಭೆಯಲ್ಲೂ ಪೂರ್ತಿ ನಮ್ಮವನೆನಿಸಿಕೊಳ್ಳದೆ ಇರುವವನಿಗೆ ಸರ್ಕಾರದ ಅಪನಂಬಿಕೆಯೂ ಸೇರಿದರೆ ನಿಲ್ಲಲು ನೆಲವಿಲ್ಲ.

ಮುಸ್ಲಿಂ ಸಂಘಟನೆಗಳ ಆಕ್ಷೇಪವೂ ಹಗುರವಾದುದಲ್ಲ: ಮನೆಮಠ ಕಳೆದುಕೊಂಡು ಎದೆಗುಂದಿದವನ ಬಳಿ ಹೋಗಿ ನಂಬಿಕೆ ಬದಲಿಸೆನ್ನುವುದು ಧರ್ಮವೇ? ಜರ್ಮನಿಯ ರೈನ್‌ಲ್ಯಾಂಡ್ ಪ್ರೊಟೆಸ್ಟೆಂಟ್ ಚರ್ಚಿನ ಮಹಾಸಭೆ 2018ರ ಜನವರಿಯಲ್ಲಿ, ಮತಾಂತರವನ್ನೇ ಗುರಿಯಾಗಿಟ್ಟುಕೊಂಡು ಮುಸ್ಲಿಮರ ನಡುವೆ ಕೆಲಸ ಮಾಡುವುದಿಲ್ಲವೆಂದು ನಿರ್ಣಯಿಸಿತು. ಸುವಾರ್ತಾ ಪಂಥದವರು ಇದನ್ನು ಒಪ್ಪಲಿಲ್ಲ. ಮತಾಂತರವಾಗಿ ಬಂದವರಿಗೂ ಇಂಥ ನಿರ್ಣಯ ತಮ್ಮ ಆಯ್ಕೆಯನ್ನೇ ತಪ್ಪೆಂದಂತೆ ಕೇಳಿಸಬಹುದು. ಸುವಾರ್ತೆಯನ್ನು ಬದಿಗಿಟ್ಟ ಸೇವೆಯೂ ಇದೆ. ಪೋಪ್ ಫ್ರಾನ್ಸಿಸ್ 2016ರಲ್ಲಿ ಗ್ರೀಸಿನ ಲೆಸ್ಬೊಸ್ ದ್ವೀಪದಿಂದ ತಮ್ಮ ವಿಮಾನದಲ್ಲಿ ಕರೆತಂದ 12 ಮಂದಿ ಸಿರಿಯನ್ನರೂ ಮುಸ್ಲಿಮರು; ಅವರ ವಸತಿಗೆ ಏರ್ಪಾಡು ಮಾಡಿದ ಸಾಂತ್ ಎಜಿದಿಯೊ ಎಂಬ ಕ್ಯಾಥೊಲಿಕ್ ಸಮುದಾಯ ಯಾವ ಷರತ್ತನ್ನೂ ಹಾಕಲಿಲ್ಲ.

ಹದಿನಾಲ್ಕರ ವಯಸ್ಸಿನಲ್ಲಿ ನಿರಾಶ್ರಿತಳಾಗಿ ಇಂಗ್ಲೆಂಡಿಗೆ ಬಂದ ದೆಹ್ಖಾನಿ-ತಫ್ತಿಯವರ ಮಗಳು ಗುಲಿ ಫ್ರಾನ್ಸಿಸ್-ದೆಹ್ಖಾನಿ 2017ರಲ್ಲಿ ಲಫ್‌ಬರೋದ, 2021ರಲ್ಲಿ ಚೆಲ್ಮ್ಸ್‌ಫರ್ಡಿನ ಬಿಷಪರಾದರು. ಮತಾಂತರ ಮತ್ತು ಆಶ್ರಯದ ವಿಚಾರವಾಗಿ 2024ರ ಮಾರ್ಚಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಗೃಹ ವ್ಯವಹಾರಗಳ ಸಮಿತಿ ಚರ್ಚುಗಳನ್ನು ಪ್ರಶ್ನಿಸಿದಾಗ ಇಂಗ್ಲೆಂಡಿನ ಚರ್ಚಿನ ಪರವಾಗಿ ಉತ್ತರ ಕೊಟ್ಟವರು ಅವರೇ.