ಗೋರಂಟೆಯ ಪೂರ್ವವೃತ್ತಾಂತ

ಸವದತ್ತಿ ಸೀಮೆಯ ಸಿರಸಂಗಿಯ ಸ್ಥಳಪುರಾಣವು ಆ ಊರಿನ ಹೆಸರನ್ನು ಋಷ್ಯಶೃಂಗ ಮುನಿಯೊಡನೆ ಕೂಡಿಸುವದು. ಅಂಗದೇಶವು ಅನಾವೃಷ್ಟಿಯಿಂದ ಬೆಂದಿರಲು ಈ ಮುನಿಯು ಅಲ್ಲಿ ಕಾಲಿಟ್ಟೊಡನೆ ಮಳೆಗರೆಯಿತೆಂದು ರಾಮಾಯಣದ ಬಾಲಕಾಂಡವು ಹೇಳುವದು. ಆದರೆ ಮಳೆ ತಂದವನ ಹೆಸರನ್ನು ಹೊತ್ತ ಸೀಮೆಗೇ ಮಳೆಯ ಬಡತನವು ತಪ್ಪಲಿಲ್ಲ. 1876ರಿಂದ 1878ರ ವರೆಗಿನ ಘೋರ ಕ್ಷಾಮವು ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಬಹುವಾಗಿ ಪೀಡಿಸಿತು. ಇಂಥ ನಾಡಿನಲ್ಲಿ ಹೂದೋಟವು ಕೇವಲ ಭೋಗವೆಂದು ಕೆಲವರು ಭಾವಿಸುವದುಂಟು. ದಿನವೂ ಕೊಡದ ನೀರು ಬೇಡುವ ಗಿಡಗಳ ಮಟ್ಟಿಗೆ ಅದು ನಿಜ. ಮುಳ್ಳುಗೋರಂಟೆಯ ಮಟ್ಟಿಗೆ ನಿಜವಲ್ಲ.

ಕೈಗೆ ಬಣ್ಣವೇರಿಸುವ ಮದರಂಗಿಗೂ ಕೆಲವೆಡೆ ಗೋರಂಟಿ ಎನ್ನುವರು; ಅದು ಬೇರೆ, ಇದು ಬೇರೆ. ಇದು ಆಳುದ್ದಕ್ಕೂ ಏರದ ಪೊದೆ. ಎಲೆಯ ಕಂಕುಳಲ್ಲಿ ಮೊನಚಾದ ಮುಳ್ಳುಗಳು, ಅವುಗಳ ನಡುವೆ ಹಳದಿಯ ಹೂವು. ಆಳಕ್ಕಿಳಿದ ಬೇರಿನ ಬಲದಿಂದ ಬೇಸಗೆಯನ್ನು ಸಹಿಸಿ, ಮಳೆಗಾಲವು ಕಳೆದ ಮೇಲೆ ಮೈತುಂಬ ಅರಳುವದು.

ಈ ಗಿಡದ ಕುಲವು ಪ್ರಾಚೀನರಿಗೆ ಚೆನ್ನಾಗಿ ಪರಿಚಿತವಾಗಿದ್ದಿತು. ಅಮರಸಿಂಹನು ಝಿಂಟಿಯನ್ನು ಬಣ್ಣದಿಂದ ವಿಂಗಡಿಸಿ, ಕೆಂಪಾದುದನ್ನು ಕುರಬಕವೆಂದೂ ಹಳದಿಯದನ್ನು ಕುರಂಟಕವೆಂದೂ ನೀಲಿಯದನ್ನು ಬಾಣವೆಂದೂ ಹೇಳಿರುವನು. ಮೇಘದೂತದ ಯಕ್ಷನ ಮನೆಯಲ್ಲಿ ಮಾಧವೀಮಂಟಪಕ್ಕೆ ಕುರಬಕದ್ದೇ ಬೇಲಿ. ಅಲಕೆಯಂಥ ಐಶ್ವರ್ಯದ ಪಟ್ಟಣದಲ್ಲಿಯೂ ಕವಿಯು ಬೇಲಿಗೆ ಈ ಕುಲದ ಗಿಡವನ್ನೇ ಆರಿಸಿದ್ದು ಗಮನಾರ್ಹವು. ವೈದ್ಯರು ಇದಕ್ಕೆ ಸಹಚರವೆಂಬ ಹೆಸರನ್ನಿತ್ತು, ವಾತರೋಗಗಳಿಗಾಗಿ ಸಹಚರಾದಿ ತೈಲವನ್ನು ಕಾಸಿದರು. ಹಲ್ಲಿನ ಬೇನೆಗೆ ಒದಗುವದರಿಂದ ಹಿಂದೀ ಜನರು ಇದನ್ನು ವಜ್ರದಂತಿ ಎನ್ನುವರು.

ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡನು 1678ರಿಂದ 1693ರ ವರೆಗೆ 12 ಸಂಪುಟಗಳಲ್ಲಿ ಹೊರಬಂದ ಹೋರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ಈ ಗಿಡವನ್ನೂ ಸೇರಿಸಿದನು. 1753ರಲ್ಲಿ ಲಿನೇಯಸನು ಇದಕ್ಕೆ ಬಾರ್ಲೇರಿಯಾ ಪ್ರಿಯೊನೈಟಿಸ್ ಎಂಬ ಶಾಸ್ತ್ರೀಯ ನಾಮವನ್ನಿಟ್ಟನು; ಫ್ರಾನ್ಸಿನ ಸನ್ಯಾಸಿಯೂ ಸಸ್ಯಶಾಸ್ತ್ರಜ್ಞನೂ ಆದ ಬಾರೆಲಿಯೇ ಎಂಬವನ ಸ್ಮರಣೆಯು ಅದರಲ್ಲಿ ಅಡಗಿರುವದು.

ಆದರೆ ಪರದೇಶದ ಗಿಡಗಳ ಮೋಹವು ಹೆಚ್ಚಿದಂತೆ ಮನೆಯ ಗಿಡವು ಹಿಂದೆ ಬಿದ್ದಿತು. 19ನೆಯ ಶತಮಾನದ ಆದಿಯಲ್ಲಿ ಅಮೇರಿಕೆಯ ಲಂಟಾನವನ್ನು ಶೋಭೆಗಾಗಿ ಕಲಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಮುಂದೆ ಬೇಲಿಯ ಗಿಡವಾಗಿ ಹರಡಿದ ಅದು ಕನ್ನಡನಾಡಿನ ಅಡವಿಗಳನ್ನೇ ಮುಸುಕಿತು. ಗೋರಂಟೆಯೂ ಈ ನಿಯಮಕ್ಕೆ ಹೊರತಲ್ಲ: ಅದೇ ಗಿಡವು ಆಸ್ಟ್ರೇಲಿಯದ ಉತ್ತರ ಭಾಗದಲ್ಲಿ ನಿರ್ಮೂಲ ಮಾಡಬೇಕಾದ ಕಳೆಯೆನಿಸಿರುವದು. ಗಿಡದ ಗುಣವು ಗಿಡದಲ್ಲಿ ಮಾತ್ರವಿಲ್ಲ, ನೆಲೆಯಲ್ಲಿಯೂ ಇರುವದು.

ಸಿರಸಂಗಿಯಂಥ ಎರೆಭೂಮಿಯಲ್ಲಿ ಇದನ್ನು ಬೆಳೆಸುವವರು ಒಂದು ಸಂಗತಿಯನ್ನು ಮರೆಯಲಾಗದು. ಗೋರಂಟೆಯು ಬಾಯಾರಿಕೆಯನ್ನು ತಾಳುವದು, ಬೇರಿನಲ್ಲಿ ನಿಂತ ನೀರನ್ನು ತಾಳಲಾರದು. ಆದ್ದರಿಂದ ಮಣ್ಣಿಗೆ ಗರಸು ಬೆರೆಸಿ ಪಾತಿಯನ್ನು ಎತ್ತರಿಸಬೇಕು. ಮುಂಗಾರಿನ ಆರಂಭದಲ್ಲಿ ಬಲಿತ ಟೊಂಗೆಯ ತುಂಡುಗಳನ್ನು ನೆಟ್ಟರೆ ಬೇರು ಬಿಡುವವು. ಮೊದಲ ಬೇಸಗೆಯಲ್ಲಿ ಆಗಾಗ್ಗೆ ನೀರುಣಿಸಿದರೆ ಸಾಕು. ಮುಂದೆ ಆಕಾಶವೇ ಅದಕ್ಕೆ ತೋಟಗಾರನು. ಹೂವು ತೀರಿದ ಮೇಲೆ ಟೊಂಗೆಗಳನ್ನು ಸವರಿದರೆ ಪೊದೆಯು ದಟ್ಟವಾಗಿ, ದನಕರುಗಳನ್ನು ತಡೆಯುವ ಬೇಲಿಯಾಗುವದು.

ಬರಗಾಲದಲ್ಲಿಯೂ ಬಿಟ್ಟು ಹೋಗದ ಗಿಡಕ್ಕೆ ಸಹಚರವೆಂಬ ಹೆಸರು ಅನ್ವರ್ಥವಾಗಿಯೇ ಇರುವದು. ತಂತಿಯ ಬೇಲಿಯು ಹೊಲದ ಎಲ್ಲೆಯನ್ನು ಕಾಯಬಹುದು. ಆದರೆ ಅದು ದೇವರ ಮುಡಿಗೆ ಒಂದು ಹೂವನ್ನೂ ಕೊಡಲಾರದು.